ಕಂಪ್ಯೂಟರಿಗೆ ಗಾಳಿಯೋ ನೀರೋ

ನಮ್ಮ ಮನೆಯ ಕಂಪ್ಯೂಟರಿಗೆ ಜ್ವರ ಬಂದಿದೆ ಎಂದರೆ ನನ್ನ ಹೆಂಡತಿ ಯಮುನ ನಂಬಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದನ್ನು ಮೊದಲ ಸಲಕ್ಕೇ ನಂಬುವ ಅಭ್ಯಾಸವನ್ನು ಅವಳು ಇಟ್ಟುಕೊಂಡಿಲ್ಲ. ಎದ್ದು ಬಂದು ಡಬ್ಬದ ಮೇಲೆ ಅಂಗೈ ಇಟ್ಟಳು, ತಟ್ಟನೆ ತೆಗೆದಳು.

"ದೋಸೆ ಹುಯ್ಯಬಹುದು" ಎಂದಳು.

ನಾನು ಗಿರಿಯಪ್ಪ. ಸಾಗರದಲ್ಲಿ ಸ್ಟುಡಿಯೋ ಇಟ್ಟು, ಹೊಸನಗರ ದಾಟಿ ತೀರ್ಥಹಳ್ಳಿಯವರೆಗೂ ಮದುವೆ ವಿಡಿಯೋ ತೆಗೆದವನು. ಸಾವಿರಾರು ದಂಪತಿಗಳಿಗೆ "ಸ್ವಲ್ಪ ನಗಿ" ಎಂದು ಹೇಳಿಕೊಟ್ಟಿದ್ದೇನೆ. (ಆಮೇಲೆ ಅವರು ನಕ್ಕರೋ ಇಲ್ಲವೋ, ಅದು ನನ್ನ ಜವಾಬ್ದಾರಿಯಲ್ಲ.) ಈಗ ಎಲ್ಲರ ಕೈಯಲ್ಲೂ ಫೋನಿರುವುದರಿಂದ ನನ್ನನ್ನು ಕರೆಯುವವರಿಲ್ಲ. ಮನೆಯಲ್ಲೇ ಕುಳಿತು ಜನರ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ನಮ್ಮ ಕಡೆಯ ಥಂಡಿಗೆ ಟೇಪಿನ ಮೇಲೆ ಬೂಷ್ಟು ಬೆಳೆದಿರುತ್ತದೆ. ಅದನ್ನು ಮೆಲ್ಲಗೆ ಒರೆಸಿ ವಿಸಿಆರ್‌ಗೆ ಹಾಕಿದರೆ, ತೀರಿಹೋದ ಅಜ್ಜಂದಿರೆಲ್ಲ ಎದ್ದು ಬಂದು ಪಂಕ್ತಿಯಲ್ಲಿ ಕುಳಿತು ಸೊರ್ರೆಂದು ಪಾಯಸ ಸುರಿಯತೊಡಗುತ್ತಾರೆ.

ಹೀಗಿರುವಾಗ ಅಟ್ಟದಲ್ಲಿ ನಮ್ಮದೇ ಮದುವೆಯ ಕ್ಯಾಸೆಟ್ಟು ಸಿಕ್ಕಿತು. ಯಮುನಳ ತವರು ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರಿನ ಆಚೆ ದಡ. ಮದುವೆ ಮುಗಿಸಿ ದಿಬ್ಬಣ ಹಿಂತಿರುಗುವಾಗ ಅತ್ತೆ ಕೆರಿಯಮ್ಮ ಮಗಳನ್ನು ಕಳಿಸಲು ಲಾಂಚಿನಲ್ಲಿ ಈಚೆ ದಡದವರೆಗೂ ಬಂದು, ದಾರಿಯುದ್ದಕ್ಕೂ ಹಾಡಿದ್ದರು. ಈಗ ಅಲ್ಲಿ ಸೇತುವೆಯಾಗಿದೆ. ಒಂದು ಆಕಳಿಕೆ ಮುಗಿಯುವುದರೊಳಗೆ ಬಸ್ಸು ಆಚೆ ಇರುತ್ತದೆ, ಹಾಡಲು ಪುರುಸೊತ್ತಿಲ್ಲ. ಅತ್ತೆಯೂ ಇಲ್ಲ. ಅವರ ದನಿ ಉಳಿದಿದ್ದರೆ ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ಹೊಸ ಟಿವಿಗೆ ಹಳೆಯ ವಿಸಿಆರ್ ಚುಚ್ಚುವ ತೂತುಗಳೇ ಇಲ್ಲವಾದ್ದರಿಂದ ನೋಡುವುದೂ ಕಂಪ್ಯೂಟರಿನಲ್ಲೇ ಆಗಬೇಕು. ಯಮುನ ಕೈ ಒರೆಸಿಕೊಂಡು ಬಂದು ಕುಳಿತಳು. ಪರದೆಯ ಮೇಲೆ ಲಾಂಚು ದಡ ಬಿಟ್ಟಿತು, ಅತ್ತೆ ಸೆರಗು ಸರಿಮಾಡಿಕೊಂಡು ಬಾಯಿ ತೆರೆದರು, ಕಂಪ್ಯೂಟರು ಕಾದು ಆರಿಹೋಯಿತು. ಗಾಬರಿಯಲ್ಲಿ ನಾನು ಕ್ಯಾಸೆಟ್ಟು ಹೊರಗೆಳೆದರೆ ಗೇಣುದ್ದ ಟೇಪು ಸುಕ್ಕಾಗಿ ಬಂತು.

ಯಮುನ ಕ್ಯಾಸೆಟ್ಟು ಕಿತ್ತುಕೊಂಡು ತನ್ನ ಸೀರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. "ಇದು ತಣ್ಣಗಾಗೋ ತನಕ ಕೊಡೂದಿಲ್ಲ. ಇನ್ನೊಂದ್ಸಲ ಎಳ್ದು ಹರಿದ್ರೆ ನಮ್ಮವ್ವನ ಎಲ್ಲಿಂದ ತರ್ತೀರಿ?"

ಅಲ್ಲಿಂದ ಶುರುವಾಯಿತು ಗಾಳಿ ನೀರಿನ ಮಹಾಯುದ್ಧ. ಯಮುನಳ ಅಣ್ಣನ ಮಗ ನಿಶಾಂತನಿಗೆ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿಯಿದೆ. ಅವನು ಬಂದು ಎರಡು ದಾರಿ ಹೇಳಿದ. ಒಂದು, ದೊಡ್ಡ ಫ್ಯಾನು ಕೂರಿಸಿ ಗಾಳಿಯಿಂದ ತಣಿಸುವುದು. ಇನ್ನೊಂದು, ಒಳಗೆ ಸಣ್ಣ ಪಂಪಿಟ್ಟು, ಕೊಳವೆಯಲ್ಲಿ ನೀರು ಸುತ್ತಿಸಿ, ರೇಡಿಯೇಟರಿನಲ್ಲಿ ಆರಿಸುವುದು.

"ನಿಮ್ ಕೆಲ್ಸಕ್ಕೆ ಗಾಳಿನೇ ಸಾಕು ಮಾವ" ಎಂದ.

ಸಾಕು ಎಂಬ ಮಾತು ನನಗೆ ಹಿಡಿಸುವುದಿಲ್ಲ. ಸರಿ, ಉಪನ್ಯಾಸ ಆರಂಭಿಸಿದೆ. ಶರಾವತಿಯ ನೀರಿನಿಂದ ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯವರು ನಾವು. ನಮ್ಮ ಕಂಪ್ಯೂಟರು ಫ್ಯಾನಿನ ಗಾಳಿ ಕುಡಿದು ಬದುಕುವುದೇ?

"ಕರೆಂಟಿನ ಸಾಮಾನಿನೊಳ್ಗೆ ಯಾರಾದ್ರೂ ನೀರು ಬಿಡ್ತಾರಾ?" ಎಂದಳು ಯಮುನ.

"ಕಾರಿಗೆ ಬಿಡಲ್ವಾ?"

"ಕಾರು ಅಂಗಳದಲ್ಲಿ ನಿಲ್ತದೆ. ಇದು ದೇವ್ರ ಕೋಣೆ ಪಕ್ಕ ಕೂತದೆ."

"ಸೋರಲ್ಲ ಕಣೇ, ಬಿಗಿಯಾಗಿ ಮುಚ್ಚಿರ್ತಾರೆ."

"ನಮ್ಮನೆ ಹಂಚಿಗೂ ಹಾಂಗೇ ಹೇಳಿದ್ರಿ."

ಆದರೂ ನಾನು ನೀರಿನದ್ದನ್ನೇ ತರಿಸಿದೆ. ರಟ್ಟಿನ ಪೆಟ್ಟಿಗೆ ಬಂದ ದಿನ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡೇ ಬಿಚ್ಚಿದೆ. ನಿಶಾಂತ ಕಂಪ್ಯೂಟರಿನ ಪಕ್ಕದ ಬಾಗಿಲು ತೆಗೆದು, ರೇಡಿಯೇಟರನ್ನು ಉದ್ದಕ್ಕೆ ಹಿಡಿದ, ಅಡ್ಡಕ್ಕೆ ಹಿಡಿದ, ಓರೆಯಾಗಿಯೂ ಹಿಡಿದ.

"ಮಾವ, ಇದು ಈ ಡಬ್ಬದೊಳ್ಗೆ ಹಿಡಿಯಲ್ಲ."

"ಹೊರಗೆ ಮೊಳೆ ಹೊಡೆದು ನೇತು ಹಾಕಿದ್ರೆ?"

ಯಮುನ ಅಡುಗೆಮನೆಯಿಂದಲೇ ಕೇಳಿದಳು. "ಎಂಥದು, ಆಸ್ಪತ್ರೇಲಿ ಗ್ಲೂಕೋಸ್ ಹಾಕ್ದಂಗಾ?"

ನಿಶಾಂತ ನಗು ಮುಚ್ಚಲು ಡಬ್ಬದೊಳಗೆ ತಲೆ ಹಾಕಿದ. ನೀರಿನ ಯಂತ್ರ ಬಂದ ದಾರಿಗೆ ಸುಂಕವಿಲ್ಲದಂತೆ ಹಿಂತಿರುಗಿತು. ಮರುದಿನ ಅವನು ಒಳಗಿನ ಧೂಳು ತೆಗೆದು, ಚಿಪ್ಪಿನ ಶಾಖ ಎಳೆಯಲು ಹಚ್ಚಿ ಒಣಗಿದ್ದ ಪೇಸ್ಟು ಕೆರೆದು, ಹೊಸತು ಸವರಿ, ಬೋಗುಣಿಯಗಲದ ಫ್ಯಾನು ಕೂರಿಸಿಕೊಟ್ಟ. ಮಧ್ಯಾಹ್ನವಿಡೀ ಓಡಿಸಿದರೂ ಡಬ್ಬ ತಣ್ಣಗಿತ್ತು. ಯಮುನ ಮತ್ತೊಮ್ಮೆ ಅಂಗೈ ಇಟ್ಟು ನೋಡಿ, ಹೋಗಿ ಪೆಟ್ಟಿಗೆಯ ಬೀಗ ತೆಗೆದಳು.

ಲಾಂಚು ದಡ ಬಿಟ್ಟಿತು. ಸುಕ್ಕಾದ ಜಾಗದಲ್ಲಿ ಚಿತ್ರ ಒಮ್ಮೆ ನಡುಗಿ ನೆಟ್ಟಗಾಯಿತು. ಹಿನ್ನೀರಿನ ಮೇಲೆ ಬಿಸಿಲು, ನೀರಿನಿಂದ ತಲೆಯೆತ್ತಿದ ಒಣಮರದ ಬೊಡ್ಡೆಗಳು, ಬಾಸಿಂಗದ ಕೆಳಗೆ ಅತ್ತು ಕೆಂಪಾದ ಯಮುನಳ ಮೂಗು. ಅತ್ತೆ ಬಾಯಿ ತೆರೆದರು. ಕೇಳಿಸಿದ್ದು ನನ್ನ ದನಿ.

"ಗಣೇಶಾ, ಸ್ವಲ್ಪ ಎಡಕ್ಕೆ ಬಾ. ನೀರಿನ್ ಶಾಟ್ ತಗೋ, ನೀರಿಂದು. ಬಿಸ್ಲು ಲೆನ್ಸಿಗೆ ಹೊಡೀತದೆ, ಕೈ ಅಡ್ಡ ಹಿಡಿ."

ಆ ದಿನ ಕ್ಯಾಮೆರಾ ಹಿಡಿದವನು ನನ್ನ ಶಿಷ್ಯ ಗಣೇಶ. ಮದುಮಗನಾದರೂ ನಾನು ಗುರುವಿನ ಕರ್ತವ್ಯ ಬಿಟ್ಟಿರಲಿಲ್ಲ. ಹಾಡು ಎಲ್ಲೋ ದೂರದಲ್ಲಿ ಕ್ಷೀಣವಾಗಿ ಕೇಳುತ್ತಿತ್ತು. ಅದರ ಮೇಲೆ ನಾನು ಸೊಂಟಕ್ಕೆ ಕೈಯಿಟ್ಟು ನಿಂತು ಝೂಮು, ಫೋಕಸ್ಸು ಎಂದು ಒದರುತ್ತಿದ್ದೆ. ಪಕ್ಕದಲ್ಲಿ ಕುಳಿತ ಯಮುನ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೂ ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಆಗ ಪರದೆಯ ಮೇಲೆ ಅತ್ತೆ ಹಾಡು ನಿಲ್ಲಿಸಿದರು. ನನ್ನತ್ತ ತಿರುಗಿ, ಸಿಟ್ಟೇ ಇಲ್ಲದ ದನಿಯಲ್ಲಿ, ಸ್ಪಷ್ಟವಾಗಿ ಹೇಳಿದರು.

"ಅಳಿಯಂದ್ರೇ, ಒಂಚೂರು ಸುಮ್ನಿರಿ. ದಡ ಬರೂದ್ರೊಳ್ಗೆ ನನ್ ಹಾಡು ಮುಗೀಬೇಕು."

ಮದುಮಗ ತೆರೆದ ಬಾಯಿ ಹಾಗೇ ಮುಚ್ಚಿದ. ಲಾಂಚಿನ ಸದ್ದಿನ ಮೇಲೆ ಅತ್ತೆಯ ಹಾಡು ಎದ್ದು, ಈಚೆ ದಡ ತಾಗುವವರೆಗೂ ತಡೆಯಿಲ್ಲದೆ ಸಾಗಿತು. ಯಮುನ ಸೆರಗಿನಿಂದ ಕಣ್ಣೊತ್ತಿಕೊಂಡಳು. ನಾನೂ ಕನ್ನಡಕ ಒರೆಸಿಕೊಂಡೆ.

"ಹಿಂದಕ್ಕೆ ಹಾಕಿ" ಎಂದಳು. ಕಂಪ್ಯೂಟರಿಗೆ ಇಳಿದಿದ್ದರಿಂದ ಇನ್ನು ಟೇಪಿನ ಭಯವಿರಲಿಲ್ಲ. ಹಾಡಿನ ಆರಂಭಕ್ಕೆ ತಂದೆ.

"ಹಾಡು ಅಲ್ಲ. ಅವ್ವ ನಿಮ್ಗೆ ಹೇಳಿದ್ ಮಾತು."

ಆ ಮಾತನ್ನು ಕತ್ತರಿಸಿ ಅವಳ ಫೋನಿಗೂ ಹಾಕಿಕೊಟ್ಟೆ. ಈಗ ಊಟಕ್ಕೆ ಕುಳಿತು ನಾನು ಯಾವುದೋ ಗಹನ ವಿಷಯ ವಿವರಿಸಲು ಹೊರಟರೆ ಅವಳು ಫೋನು ಎತ್ತಿ ಒತ್ತುತ್ತಾಳೆ. ಅತ್ತೆಯ ದನಿ ಕೇಳಿದ್ದೇ ಅವಳ ಮುಖ ಮದುವೆಗೆ ಮುಂಚಿನ ಹುಡುಗಿಯದಾಗುತ್ತದೆ. ನಾನು ಅನ್ನ ಕಲಸಿಕೊಂಡು ಸುಮ್ಮನೆ ಉಣ್ಣುತ್ತೇನೆ.