ಉಸಿರು ಕಟ್ಟಿದ ಗಾಡಿ

ಬಸವಪ್ರಭು ಮಾಸ್ತರರ ಕಣ್ಣಿಗೆ ಆ ಕರಿ ಪೈಪು ಚಂದ ಕಾಣಲಿಲ್ಲ. ತಾಪತ್ರಯ ಶುರುವಾದದ್ದು ಅಲ್ಲಿಂದ. ಪೆಟ್ರೋಲ್ ಟಾಕಿಯ ನೆತ್ತಿಯಿಂದ ಹೊರಟು, ಸೀಟಿನ ಹಿಂದೆ ಹಾದು, ಯಾವುದಕ್ಕೂ ಸೇರದೆ ಸುಮ್ಮನೆ ಜೋತುಬಿದ್ದಿದ್ದ ಕಿರುಬೆರಳ ಗಾತ್ರದ ರಬ್ಬರ್ ಪೈಪು ಅದು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮಾಸ್ತರರಿಗೆ ಎಲ್ಲಿಗೂ ಮುಟ್ಟದ ಗೆರೆ ಕಂಡರೆ ಆಗದು. ಶನಿವಾರ ಸಂಜೆ ಅದನ್ನು ಎರಡು ಮಡಿಕೆ ಮಡಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಸೀಟಿನ ಹಿಂದೆ ತುರುಕಿ, ನಾಲ್ಕು ಹೆಜ್ಜೆ ದೂರ ನಿಂತು ನೋಡಿ ತೃಪ್ತರಾದರು.

ಗಾಡಿ ಶೋರೂಮಿನಿಂದ ತಂದದ್ದಲ್ಲ. ನಾಲ್ಕು ಕಟ್ಟಿಗೆ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಸ್ಪೋರ್ಟ್ಸ್ ಕಾರು. ಹುಬ್ಬಳ್ಳಿಯ ಬೆಂಗೇರಿಯ ಮನೆಯ ಪಡಸಾಲೆಯಲ್ಲಿ ಆರು ವರ್ಷ ಕೂತು ಮಾಸ್ತರರು ಅದನ್ನು ಕೈಯಾರೆ ಜೋಡಿಸಿದ್ದರು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಓಣಿಯ ನಾಯಿಗಳು ಒಳಗೆ ಕೂತವರನ್ನು ಸಮಾನರೆಂದು ತಿಳಿದು ಮುಖ ಮೂಸುತ್ತಿದ್ದವು. ಈ ಆರು ವರ್ಷ ಬಂದ ಬೀಗರು ನೆಂಟರನ್ನೆಲ್ಲ ಅಡುಗೆಮನೆಯಲ್ಲಿ ಕೂಡಿಸಿ ಚಹಾ ಕೊಟ್ಟವಳು ಅವರ ಹೆಂಡತಿ ಉಮಾಶ್ರೀ. ಕಡೆಗೆ ಗಾಡಿಯನ್ನು ಹೊರಗೆ ತರಲು ಮುಂಬಾಗಿಲಿನ ಚೌಕಟ್ಟು ಕೀಳಿಸಿದಾಗಲೂ ಅವಳು ತುಟಿ ಬಿಚ್ಚಿರಲಿಲ್ಲ.

ಐತವಾರ ಬೆಳಿಗ್ಗೆ ಬಿಚ್ಚಿದಳು. ಗರಗದಲ್ಲಿ ಅವಳ ದೊಡ್ಡಮ್ಮ ಚನ್ನಬಸವ್ವನಿಗೆ ಎಂಬತ್ತು ತುಂಬಿದ ಊಟವಿತ್ತು.

"ಎಲಿ ಹಾಕೂದ್ರಾಗ ಗರಗ ಮುಟ್ಟಬೇಕ್ರಿ. ಇಲ್ಲಾಂದ್ರ ನಾಳಿ ಗಾಡಿ ಶಿವಯೋಗೀಶನ ಸ್ಟುಡಿಯೋಕ್ಕ ಹೋಗ್ತೈತಿ."

ಧಾರವಾಡದ ಫೋಟೋಗ್ರಾಫರ್ ಶಿವಯೋಗೀಶ ಮದುವೆ ಜೋಡಿಗಳನ್ನು ಕೂಡಿಸಿ ಚಿತ್ರ ತೆಗೆಯಲು ಈ ಗಾಡಿಯನ್ನು ಕೇಳಿದ್ದ. ಅದು ಓಡಬೇಕಿಲ್ಲ, ನಿಂತರೆ ಸಾಕು ಎಂದಿದ್ದ. ಆ ಮಾತು ಮಾಸ್ತರರ ಎದೆಗೆ ನಾಟಿತ್ತು.

ಉಣಕಲ್ ಕೆರೆಯ ಎದುರು ಬರುತ್ತಲೇ ಗಾಡಿ ಕೆಮ್ಮಿತು, ಬಿಕ್ಕಿತು, ನಿಂತಿತು. ಹಿಂದೆಯೇ ಸ್ಕೂಟರ್ ಮೇಲೆ ಬರುತ್ತಿದ್ದ ಪಕ್ಕದ ಮನೆಯ ಅರ್ಜುನಪ್ಪ ಇಳಿದು ಬಂದರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಅವರ ಕೈಗೆ ಸಿಕ್ಕ ಮೊದಲ ಇಂಜಿನ್ ಇದು.

"ಪ್ಲಗ್ಗಿಗೆ ಮಸಿ ಹಿಡದೈತ್ರಿ, ನಾ ಶಬ್ದದ ಮ್ಯಾಲೇ ಹೇಳ್ತೇನಿ," ಎಂದು ಪ್ಲಗ್ ಬಿಚ್ಚಿ ತಿಕ್ಕತೊಡಗಿದರು. ಅಷ್ಟರಲ್ಲಿ ವಾಕಿಂಗಿಗೆ ಬಂದವನೊಬ್ಬ, "ಮೊದಲ ಪೆಟ್ರೋಲ್ ಐತೇನು ನೋಡ್ರಿ," ಎನ್ನುತ್ತ ಟಾಕಿಯ ಮುಚ್ಚಳ ತೆಗೆದು, ಇಣುಕಿ, ಮುಚ್ಚಿ, ತನ್ನ ದಾರಿ ಹಿಡಿದ. ಮುಚ್ಚಳ ತೆಗೆದಾಗ ಹುಸ್ ಎಂದ ಸದ್ದು ಲಾರಿಗಳ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಪ್ಲಗ್ ಹಾಕಿ ಕೀಲಿ ತಿರುವಿದರೆ ಗಾಡಿ ಒಂದೇ ಏಟಿಗೆ ಶುರುವಾಯಿತು.

ಮಾಸ್ತರರು ಉಪಕಾರ ಇಟ್ಟುಕೊಳ್ಳುವ ಪೈಕಿ ಅಲ್ಲ. ಅರ್ಜುನಪ್ಪನವರ ಮಸಿಗೈ ಹಿಡಿದು, "ಇವತ್ತ ಗರಗಕ್ಕ ನಮ್ಮ ಕೂಡ ಊಟಕ್ಕ ಬರಬೇಕ್ರಿ. ಒಲ್ಲೆ ಅನಬ್ಯಾಡ್ರಿ," ಎಂದರು. ಅರ್ಜುನಪ್ಪ ಒಲ್ಲೆ ಎನ್ನಲಿಲ್ಲ.

ನವನಗರದಲ್ಲಿ ಗಾಡಿ ಮತ್ತೆ ನಿಂತಿತು, ಅದೂ ಶರೀಫಸಾಬನ ಗ್ಯಾರೇಜಿನ ಮುಂದೆಯೇ. ಶರೀಫಸಾಬ ಮೊದಲು ಮುಚ್ಚಳ ತೆಗೆದು ಟಾಕಿಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ. ಆಮೇಲೆ ಫಿಲ್ಟರ್ ಬಿಚ್ಚಿ ತೊಳೆದ. ಗಾಡಿ ಹೊಸ ಮದುಮಗನಂತೆ ಹೂಂಕರಿಸಿತು.

"ಫಿಲ್ಟರಿನ್ಯಾಗ ಕಸಾ ಇತ್ರಿ ಸರ್. ಪ್ಲಗ್ ಮುಟ್ಟೂದ ಬ್ಯಾಡಾಗಿತ್ತು."

"ಪ್ಲಗ್ ತಿಕ್ಕಿದ್ದಕ್ಕ ಇಲ್ಲೀತನಾ ಬಂತಪಾ ಅದು," ಎಂದರು ಅರ್ಜುನಪ್ಪ.

ಮಾಸ್ತರರು ಇಬ್ಬರಿಗೂ ಕೈಮುಗಿದರು. ಶರೀಫಸಾಬನಿಗೂ ಊಟದ ಕರೆ ಹೋಯಿತು. ಉಮಾಶ್ರೀ ಮೆಲ್ಲಗೆ ಕೇಳಿದಳು: "ಇನ್ನ ಎಷ್ಟ ಕಡೆ ನಿಲ್ಲೂದೈತ್ರಿ? ಹೋಳಿಗಿ ಸಾಲಬೇಕಲ್ಲ."

ಮುಂದೆ ಕೆಂಪು ಗಾಡಿ, ಹಿಂದೆ ಸ್ಕೂಟರ್, ಅದರ ಹಿಂದೆ ಶರೀಫಸಾಬನ ಬೈಕು. ಹೀಗೆ ಮಂತ್ರಿಯ ಸವಾರಿಯಂತೆ ಧಾರವಾಡ ದಾಟಿದರು. ಗರಗದ ರಸ್ತೆಯ ಏರಿನಲ್ಲಿ ಗಾಡಿ ಮೂರನೆಯ ಸಲ ಪ್ರಾಣ ಬಿಟ್ಟಿತು. ಸುತ್ತ ಹೊಲ, ನೆತ್ತಿಯ ಮೇಲೆ ಬಿಸಿಲು. ತವರಿನಲ್ಲಿ ಅಪ್ಪನ ಜೀಪು ಓಡಿಸಿ ಬೆಳೆದ ಉಮಾಶ್ರೀ ಸ್ಟೇರಿಂಗ್ ಹಿಡಿದಳು. ಮೂವರು ಗಂಡಸರು ಪ್ಲಗ್ಗೋ ಫಿಲ್ಟರೋ ಎಂದು ಜಗಳಾಡುತ್ತ ನೂಕಿದರು. ಏರಿನ ತುದಿಯಲ್ಲಿ ಗುಲ್ಜಾರಬಿಯ ಎಣ್ಣೆಯಂಗಡಿ. ಆಕೆ ಕಟ್ಟೆಯ ಮೇಲೆ ಕೂತು ಶೇಂಗಾ ಎಣ್ಣೆಯ ಡಬ್ಬಿಗೆ ಮೊಳೆ ಇಟ್ಟು ಸುತ್ತಿಗೆಯಿಂದ ತೂತು ಹೊಡೆಯುತ್ತಿದ್ದಳು.

"ನೆರಳಿಗೆ ಬರ್ರಿ, ನೀರ ಕುಡೀರಿ," ಎಂದಳು.

ಮೂವರೂ ನೀರು ಕುಡಿಯುವಾಗ ಉಮಾಶ್ರೀ ತಾನೂ ಒಮ್ಮೆ ನೋಡೋಣವೆಂದು ಮುಚ್ಚಳ ತಿರುವಿದಳು. ಲಾರಿಯಿಲ್ಲದ ಆ ರಸ್ತೆಯಲ್ಲಿ ಹುಸ್ಸ್ ಎಂಬ ಉದ್ದನೆಯ ಸದ್ದು ಎಲ್ಲರಿಗೂ ಕೇಳಿಸಿತು.

ಗುಲ್ಜಾರಬಿ ಸುತ್ತಿಗೆ ಕೆಳಗಿಟ್ಟಳು. "ಪಾಪ, ಉಸುರ ತಗೊಂತು ನೋಡ್ರಿ ಅದು. ಡಬ್ಬಿಗೆ ಒಂದ ತೂತು ಹೊಡದ್ರ ಎಣ್ಣಿ ಇಳ್ಯೂದಿಲ್ರಿ. ಗಾಳಿ ಒಳಗ ಹೋಗಾಕ ಇನ್ನೊಂದು ಬೇಕು. ನಿಮ್ಮ ಟಾಕಿಗೆ ಎರಡನೇ ತೂತು ಎಲ್ಲೈತ್ರಿ?"

ಅರ್ಜುನಪ್ಪ ಶರೀಫಸಾಬನ ಮುಖ ನೋಡಿದರು. ಶರೀಫಸಾಬ ಆಕಾಶ ನೋಡಿದ. ಮಾಸ್ತರರು ಸೀಟಿನ ಹಿಂದೆ ಕೈ ಹಾಕಿ, ಮಡಚಿ ಕಟ್ಟಿದ ಕರಿ ಪೈಪನ್ನು ಹೊರಗೆ ಎಳೆದರು.

"ನಾನ ಕಟ್ಟೀನ್ರಿ. ಚಂದ ಕಾಣವಲ್ದಾಗಿತ್ತು."

ಉಮಾಶ್ರೀ ನಕ್ಕಳು. ಆ ಗಾಡಿಯ ವಿಷಯಕ್ಕೆ ಅವಳು ಆರು ವರ್ಷದಲ್ಲಿ ನಕ್ಕದ್ದು ಅದೇ ಮೊದಲು. ಅವಳ ನಗು ನೋಡಿ ಮಾಸ್ತರರಿಗೆ ಸುಸ್ತೆಲ್ಲ ಇಳಿದುಹೋಯಿತು. ಶರೀಫಸಾಬ ಪಟ್ಟಿ ಕತ್ತರಿಸಿ, ಪೈಪನ್ನು ಟಾಕಿಗಿಂತ ಎತ್ತರಕ್ಕೆ ಒಂದು ಸುತ್ತು ಒಯ್ದು, ಧೂಳು ಹೋಗದಂತೆ ತುದಿಯನ್ನು ಕೆಳಮುಖ ಮಾಡಿ ಕೂರಿಸಿದ. ಅರ್ಜುನಪ್ಪ ಅದನ್ನು ಹಿಡಿದುಕೊಂಡರು. ಗುಲ್ಜಾರಬಿಗೂ ಊಟದ ಕರೆ ಹೋಯಿತು. ಅಂಗಡಿ ಬಿಟ್ಟು ಬರಲಾಗದೆಂದ ಅವಳು ಎಂಬತ್ತರ ಮುದುಕಿಗೆಂದು ಹೊಸ ಎಣ್ಣೆಯ ಬಾಟಲಿ ಕೊಟ್ಟಳು. ಮಾಸ್ತರರ ಕಣ್ಣು ಒದ್ದೆಯಾಯಿತು.

ಎಲೆ ಹಾಕುವ ಮೊದಲೇ ಗಾಡಿ ಗರಗ ಮುಟ್ಟಿತು. ಚನ್ನಬಸವ್ವ ಕೋಲೂರಿಕೊಂಡು ಅಂಗಳಕ್ಕೆ ಬಂದು, ಗಾಡಿಯನ್ನು ಸಂತೆಯ ಎಮ್ಮೆಯನ್ನು ನೋಡಿದಂತೆ ಸುತ್ತು ಹಾಕಿ ನೋಡಿದರು.

"ಇದರಾಗ ಹೆಂಗ ಕುಂಡ್ರೂದವಾ?"

"ಮಲಗಿದಂಗ ಕುಂಡ್ರೂದ ದೊಡ್ಡಮ್ಮಾ. ಬಾ, ಒಂದ ಸುತ್ತು ಹಾಕಿಸ್ತೇನಿ," ಎಂದಳು ಉಮಾಶ್ರೀ. ಗಂಡನ ಕಡೆ ತಿರುಗಿ, "ನೀವು ದಣದೀರಿ, ಅವರನ್ನ ಕರಕೊಂಡು ಊಟಕ್ಕ ಕುಂಡರ್ರಿ," ಎಂದಳು. ಎಂಥ ಹೆಂಡತಿ ಎಂದು ಮಾಸ್ತರರು ಮನಸ್ಸಿನಲ್ಲೇ ಕೈಮುಗಿದರು.

ಚನ್ನಬಸವ್ವನ ಎಲೆ ಬೇರೆ ತೆಗೆದಿಟ್ಟು ಉಳಿದವರು ಊಟಕ್ಕೆ ಕೂತರು. ಹೋಳಿಗೆ ಬಂತು, ಅನ್ನ ಬಂತು, ಎಲೆ ಎತ್ತಿದ್ದಾಯಿತು. ಅರ್ಜುನಪ್ಪ, ಶರೀಫಸಾಬ ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಊರಿಗೆ ಹೊರಟರು. ಗಾಡಿ ಬರಲಿಲ್ಲ. ಮಾಸ್ತರರು ಊರ ಅಗಸಿ ಬಾಗಿಲಿಗೆ ಹೋದರು, ರಸ್ತೆಗೆ ಹೋದರು, ಅರ್ಧ ಮೈಲಿ ನಡೆದು ಪ್ರತಿ ತಿರುವನ್ನೂ ಇಣುಕಿದರು. ಪೈಪು ಕಳಚಿತೋ ಏನೋ, ಮುದುಕಿ ಬಿಸಿಲಲ್ಲಿ ಕೂತಿದೆಯೋ ಏನೋ. ಮೂರೂವರೆಗೆ ಫೋನು ಬಂತು.

"ಎಲ್ಲಿ ನಿಂತೈತಿ?" ಎಂದರು ಮಾಸ್ತರರು.

"ನಿಂತಿಲ್ರಿ, ಅದ ಆತು ನೋಡ್ರಿ. ನಿಲ್ಲೂತನಾ ಹೋಗೂನು ಅಂದ್ಲು ದೊಡ್ಡಮ್ಮ. ಎಲ್ಲೂ ನಿಲ್ಲಲೇ ಇಲ್ಲ, ಬೆಂಗೇರಿ ಮನಿ ಬಂತು. ಹುಬ್ಬಳ್ಳಿ ಛಲೋ ಅನ್ಸೇತಂತ, ಒಂದ ತಿಂಗಳ ಇರ್ತಾಳಂತ. ದಿನಾ ಸಂಜಿಗೆ ಗಾಡ್ಯಾಗ ಅಡ್ಡಾಡಿಸ್ತೇನಿ ಅಂತ ಮಾತ ಕೊಟ್ಟೇನಿ. ಎರಡ ಸೀಟಲ್ರಿ, ನಿಮಗ ಆಮ್ಯಾಲೆ ನೋಡೂನು. ಈಗ ಬಸ್ಸಿಗೆ ಬರ್ರಿ. ಮತ್ತ ಆಕಿ ಹಾಸಿಗಿ, ಔಷಧದ ಚೀಲಾ, ಚಟ್ನಿ ಕುಟ್ಟೂ ಒಳಕಲ್ಲು ತರೂದು ಮರೀಬ್ಯಾಡ್ರಿ."

ಸಂಜೆಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ತಲೆಯ ಮೇಲೆ ಹಾಸಿಗೆ, ಹೆಗಲಿಗೆ ಔಷಧದ ಚೀಲ, ಎರಡು ಪಾದಗಳ ನಡುವೆ ಒಳಕಲ್ಲು ಇಟ್ಟುಕೊಂಡು, ಗಾಡಿ ಸರಿಮಾಡಿಕೊಟ್ಟ ಪುಣ್ಯಾತ್ಮರನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತ, ಬಸವಪ್ರಭು ಮಾಸ್ತರರು ಧಾರವಾಡದವರೆಗೂ ನಿಂತೇ ಬಂದರು.