ಮಾವನ ವಾಚಿಗೆ ಬಳಿದ ಬೆಳಕು

ಬಣ್ಣ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಹೆಂಡತಿಯ ಎದುರು ಎದೆ ತಟ್ಟಿಕೊಂಡೆ. ವಾಚ್ ರಿಪೇರಿ ಅಂಗಡಿ ಇಟ್ಟವನಿಗೆ ಅಷ್ಟೂ ಜಂಬ ಬೇಡವೇ!

ಸಂದರ್ಭವೂ ಅಂಥದ್ದೇ. ನಮ್ಮ ಮಾವ ಬೇಕರಿಯವರು. ಬೆಳಕು ಹರಿಯುವ ಮೊದಲೇ ಭಟ್ಟಿ ಹೊತ್ತಿಸಬೇಕು. ಎಲ್ಲಿ ತಡವಾಯಿತೋ ಎಂದು ನಡುನಡುವೆ ಎದ್ದು, ಲೈಟ್ ಹಾಕಿ ವಾಚ್ ನೋಡುತ್ತಾರೆ. ಲೈಟ್ ಹತ್ತಿದೊಡನೆ ಅತ್ತೆಯ ಕಣ್ಣು ತೆರೆಯುತ್ತದೆ, ಅದರ ಹಿಂದೆಯೇ ಬಾಯಿ! "ಇನ್ನೊಂದ್ಸಲ ಲೈಟ್ ಹಾಕಿದ್ರೆ ನೀವು ಬೇಕರೀಲೇ ಮಲಗಿ" ಎಂಬ ಅಂತಿಮ ತೀರ್ಪೂ ಹೊರಬಿದ್ದಿತ್ತು.

ಮಾವ ಗಾಬರಿಯಿಂದ ವಾಚ್ ಬಿಚ್ಚಿ ನನ್ನ ಕೈಗಿಟ್ಟರು. "ಕತ್ತಲಲ್ಲೇ ಟೈಮ್ ಕಾಣೋ ಹಾಗೆ ಮಾಡ್ಕೊಡಿ ಅಳಿಯಂದ್ರೇ. ನನ್ನ ಹಾಸಿಗೆ ನಿಮ್ಮ ಕೈಯಲ್ಲಿದೆ."

ಬೆಳಕು ಕುಡಿದು ಕತ್ತಲಲ್ಲಿ ಹೊಳೆಯುವ ಪುಡಿಗಳ ಡಬ್ಬಿಗಳು ಬಂದಿಳಿದವು. ಅಬ್ಬಾ, ಅವುಗಳ ಗತ್ತೇ! ದಪ್ಪ ಪುಡಿ ಝಗ್ಗೆಂದು ಬೆಳಗುತ್ತದೆ, ಆದರೆ ಕುಂಚ ಬಿಟ್ಟು ಇಳಿಯುವುದಿಲ್ಲ. ನುಣ್ಣನೆಯದು ಬೆಣ್ಣೆಯಂತೆ ಇಳಿಯುತ್ತದೆ, ಆದರೆ ಬೆಳಕು ಕೊಡಲು ಬಲು ಜಿಪುಣ. ಪರೀಕ್ಷೆಗೆ ಕತ್ತಲು ಬೇಕಲ್ಲ? ಕಿಟಕಿಯ ಪರದೆ ಎಳೆದು, ಹಾಡುಹಗಲೇ ಬಟ್ಟೆಯ ಬೀರುವಿನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡೆ.

ಬಟ್ಟೆ ಇಡಲು ಬಂದ ಹೆಂಡತಿ ಬಾಗಿಲು ತೆಗೆದವಳೇ ಕಿಟಾರನೆ ಕಿರುಚಿದಳು. "ರೀ, ನಿಮ್ಮ ಮೂಗು ಹಸಿರಾಗಿ ಉರೀತಿದೆ!"

"ಸಂಶೋಧನೆ ಕಣೇ!"

"ನನ್ನ ಹೊಸ ಶಾಲಿನ ಮೇಲೂ ನಿಮ್ಮ ಸಂಶೋಧನೆ ಚೆಲ್ಲಿದೆಯಲ್ರೀ! ಅಂಕಿ ಪಕ್ಕ ಒಂದೊಂದು ಚುಕ್ಕಿ, ಮುಳ್ಳಿಗೊಂದು ಗೆರೆ, ಅಷ್ಟು ಸಾಲ್ದಾ?"

"ಚುಕ್ಕಿಯಾ? ಸ್ವಂತ ಮಾವನ ವಾಚಿಗೆ ಚುಕ್ಕಿಯಾ?" ಎಂದು ಗರ್ಜಿಸಿದೆ. ಅವಳು ನನ್ನ ಕಾಲರ್ ಹಿಡಿದು ಬೀರುವಿನಿಂದ ಹೊರಗೆಳೆದಳು.

ಅಷ್ಟರಲ್ಲಿ ಆಯ್ಕೆ ಮುಗಿದಿತ್ತು. ಕಪ್ಪು ಅಂಕಿಗಳನ್ನು ಉಳಿಸಿ, ಡಯಲ್ಲಿಗೆ ಪೂರ್ತಿ ಬಿಳಿ ಪುಡಿ. ಎದ್ದು ಕಾಣಲಿ ಎಂದು ಮುಳ್ಳುಗಳಿಗೆ ಹಳದಿ ಪುಡಿ, ಅಂಚೂ ಬಿಡದಂತೆ! ಎರಡನ್ನೂ ಬೀರುವಿನಲ್ಲಿ ಬೇರೆಬೇರೆಯಾಗಿ ಪರೀಕ್ಷಿಸಿ ನೂರಕ್ಕೆ ನೂರು ಕೊಟ್ಟಿದ್ದೆ. ಬಳಿದು, ಒಣಗಿಸಿ, ಮುಳ್ಳು ಜೋಡಿಸಿದಾಗ ವಾಚು ಮದುಮಗನಂತೆ ಮಿಂಚುತ್ತಿತ್ತು.

ಮಧ್ಯಾಹ್ನ ಮಾವನ ಮಲಗುವ ಕೋಣೆಯಲ್ಲಿ ಲೋಕಾರ್ಪಣೆ. ಪರದೆ ಎಳೆದಾಯಿತು, ಬಾಗಿಲ ಸಂದಿಗೆ ಟವೆಲ್ ತುರುಕಿದ್ದಾಯಿತು. ವಾಚನ್ನು ದೀಪದ ಕೆಳಗೆ ಹಿಡಿದು ಹೊಟ್ಟೆ ತುಂಬ ಬೆಳಕು ಕುಡಿಸಿ, "ಆರಿಸಿ!" ಎಂದು ಆಜ್ಞಾಪಿಸಿದೆ.

ಆಹಾ! ಅಂಗೈಯಲ್ಲಿ ಹುಣ್ಣಿಮೆ! ಅತ್ತೆ ಚಪ್ಪಾಳೆ ತಟ್ಟಿದರು. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಈಗ ಟೈಮ್ ಎಷ್ಟು, ಹೇಳಿ ಮಾವ!"

ಮಾವ ವಾಚನ್ನು ಮೂಗಿಗೆ ತಾಗಿಸಿದರು. ದೂರ ಹಿಡಿದರು. ತಲೆಕೆಳಗು ಮಾಡಿದರು.

"ಅಳಿಯಂದ್ರೇ, ಮುಳ್ಳು ಹಾಕೋದು ಮರೆತ್ರಾ?"

ಕಸಿದುಕೊಂಡು ನೋಡಿದೆ. ಅಂಕಿಗಳು ಸುತ್ತಲೂ ಕಪ್ಪಗೆ ಕಾವಲು ನಿಂತಿವೆ, ಮುಳ್ಳುಗಳು ಮಾತ್ರ ನಾಪತ್ತೆ! ಲೈಟ್ ಹಾಕಿದರೆ ಹಾಜರು, ಆರಿಸಿದರೆ ಪರಾರಿ! ಹಗಲಲ್ಲಿ ಬಿಳಿ, ಹಳದಿ ಎಂದು ಬೇರೆಬೇರೆ ವೇಷ ಹಾಕಿದ್ದ ಪುಡಿಗಳು ಕತ್ತಲಲ್ಲಿ ಎರಡೂ ಒಂದೇ ಹಸಿರು. ಹಸಿರಿನ ಮೇಲೆ ಹಸಿರು ಕೂತರೆ ಕಾಣುವುದೇನು, ನನ್ನ ತಲೆ!

"ಎರಡನ್ನೂ ಒಟ್ಟಿಗೆ ಇಟ್ಟು ಯಾಕ್ರೀ ನೋಡ್ಲಿಲ್ಲ?" ಕತ್ತಲಲ್ಲಿ ಹೆಂಡತಿಯ ದನಿ.

"ನೋಡೋಷ್ಟರಲ್ಲಿ ಹೊರಗೆ ಎಳೆದೆಯಲ್ಲೇ!"

ಕೆರೆದು ಮತ್ತೆ ಬಳಿಯುತ್ತೇನೆ ಎಂದು ಗೋಗರೆದೆ. ಮಾವ ದೊಡ್ಡ ಮನಸ್ಸಿನವರು, ವಾಚನ್ನು ಕೈಗೆ ಕಟ್ಟಿಕೊಂಡೇಬಿಟ್ಟರು.

ಮರುದಿನ ಅಳುಕುತ್ತಲೇ ಬೇಕರಿಗೆ ಹೋದೆ. ಮಾವನ ಮುಖ ಅರಳಿತ್ತು.

"ಅದ್ಭುತ ಅಳಿಯಂದ್ರೇ! ಮೊದ್ಲೆಲ್ಲ ಕತ್ತಲಲ್ಲಿ ಗೋಡೆ ತಡವಬೇಕಿತ್ತು. ನಿಮ್ಮ ವಾಚಿನ ಬೆಳಕಲ್ಲಿ ಸ್ವಿಚ್ಚು ಒಂದೇ ಸಲಕ್ಕೆ ಸಿಕ್ತು. ಲೈಟ್ ಹಾಕಿ ಟೈಮ್ ನೋಡ್ದೆ!"

"ಅತ್ತೆ...?"

ಮಾವ ಮೂಲೆಯಲ್ಲಿ ಹಾಸಿದ್ದ ಹಾಸಿಗೆ ತೋರಿಸಿದರು.

"ಇವತ್ತಿಂದ ಇಲ್ಲೇ. ಸ್ವಲ್ಪ ಒತ್ತಿಕೊಂಡು ಮಲಗಿದ್ರೆ ಇಬ್ಬರಿಗೂ ಜಾಗ ಆಗುತ್ತೆ. ಮಗಳು ಈಗಷ್ಟೇ ನಿಮ್ಮ ದಿಂಬೂ ಕಳಿಸಿದಾಳೆ!"