ಮದುವೆ ಹಾಲ್ ಕೊಡದ ತಾರೀಖುಗಳು

ಮನೆಯಿಂದಲೇ ಕೆಲಸ ಮಾಡುವ ಗಂಡನಿದ್ದರೆ ಹೆಂಗಸಿಗೆ ಬೇರೆ ಟೀವಿ ಬೇಕಿಲ್ಲ. ಸಾಂತಾಕ್ರೂಜ್‌ನ ನಮ್ಮ ಒಂದೇ ಕೋಣೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಮಧ್ಯಾಹ್ನ ಮಗಳು ತೊಡೆಯ ಮೇಲೆ ನಿದ್ದೆಹೋಗಿರುತ್ತಾಳೆ. ಒಣಹಾಕಿದ ಸೀರೆಯ ಮೇಲೆ ವಿಮಾನದ ನೆರಳು ಹಾಯುತ್ತದೆ. ನಾನು ಅರೆಗಣ್ಣಲ್ಲಿ ಗಂಡನನ್ನು ನೋಡುತ್ತಿರುತ್ತೇನೆ.

ಕಾಯಂ

ಒಂದು ಮದುವೆ ಹಾಲ್‌ನ ಕಂಪ್ಯೂಟರಿನಲ್ಲಿ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಫಂಕ್ಷನ್‌ಗಳಿವೆ, ಅಂದರೆ ಪುಟ್ಟ ಪುಟ್ಟ ಪ್ರೋಗ್ರಾಂಗಳು. ತಾರೀಖು ಕೊಟ್ಟರೆ ಬುಕಿಂಗ್‌ಗಳ ಡೇಟಾಬೇಸ್ ನೋಡಿ ‘ಖಾಲಿ ಇದೆ’, ‘ಇಲ್ಲ’ ಅನ್ನುತ್ತವೆ. ಅವನ್ನು ಹೊಸ ಭಾಷೆಗೆ ತಿರುಗಿಸುವುದು ಇವರ ಕೆಲಸ.

“ಹಳೇದು, ಹೊಸದು ಎರಡೂ ಒಂದs ಉತ್ತರ ಕೊಟ್ರ ನೌಕರಿ ಕಾಯಂ. ಇಲ್ಲಂದ್ರ ಮನಿಗೆ ಕಳಸ್ತಾರ,” ಎಂದರು.

“ಮನ್ಯಾಗs ಕುಂತೀರಲ್ರೀ, ಇನ್ನೆಲ್ಲಿಗೆ ಕಳಸ್ತಾರ?”

ಪಕ್ಕದ ಮನೆ ಕಾಕು

ಪಕ್ಕದ ಮನೆಯ ಮರಾಠಿ ಕಾಕುಗೆ ಇವರ ಕೆಲಸ ವಿವರಿಸಿದೆ. ಅವರು ಬಹಳ ಮೆಚ್ಚಿಕೊಂಡರು.

“ಎಷ್ಟು ಭಾಷೆ ಬರುತ್ತೆ ಅವನಿಗೆ?”

“ಕಂಪ್ಯೂಟರಿನವು ನಾಲ್ಕು.”

“ಮತ್ತೆ ನಿನ್ನ ಜೊತೆ ಒಂದರಲ್ಲೂ ಮಾತಾಡಲ್ಲವಲ್ಲ?”

ಖಾಲಿ ಇದ್ದೂ ಇಲ್ಲ

ಒಂದು ಮಧ್ಯಾಹ್ನ ಇವರು ತಲೆ ಹಿಡಿದು ಕೂತಿದ್ದರು. ಕೆಲವು ದಿನ ಹಾಲ್ ಖಾಲಿ ಇದ್ದರೂ ಹಳೆಯ ಫಂಕ್ಷನ್ ‘ಇಲ್ಲ’ ಅನ್ನುತ್ತಿತ್ತು.

“ಬರದಾಂವ ತಪ್ಪು ಮಾಡ್ಯಾನ. ಆ ಸಾಲೆಲ್ಲಾ ತಗದ ಒಗದುಬಿಟ್ಟೆ.”

ನಿದ್ದೆಗಣ್ಣಲ್ಲೇ ಪರದೆಯ ತಾರೀಖು ನೋಡಿದೆ, ಗೋಡೆಯ ಕ್ಯಾಲೆಂಡರ್ ನೋಡಿದೆ. “ಅಲ್ರೀ, ಇದು ಆಷಾಢ. ಇದು ಪಿತೃಪಕ್ಷ. ಆವಾಗ ಯಾರ ಮದುವಿ ಮಾಡ್ತಾರ್ರೀ?”

ಇವರು ತೆಗೆದದ್ದನ್ನೆಲ್ಲ ತೆಪ್ಪಗೆ ವಾಪಸ್ ಹಾಕಿದರು. “ನಿನಗ ಹೆಂಗ ಗೊತ್ತಾತು?”

“ಹತ್ತನೇತ್ತಾ ತನಕ ಅಷ್ಟs ಸಾಲಿ ಕಲತೀನಿ. ಅದಕ್ಕs ಕ್ಯಾಲೆಂಡರ್ ನೋಡಾಕ ಬರ್ತದ.”

ಉಳಿದದ್ದು ಒಂದೇ ದಿನ

ಮರುದಿನ ಕೆಲಸ ಒಪ್ಪಿಸಬೇಕು. ಡಿಸೆಂಬರಿನ ಒಂದು ದಿನ ಮಾತ್ರ ತಾಳೆಯಾಗುತ್ತಿಲ್ಲ. ಪ್ರತಿವರ್ಷ ಅದೇ ತಾರೀಖಿಗೆ ಹಳೆಯದು ‘ಇಲ್ಲ’ ಅನ್ನುತ್ತದೆ, ಹೊಸದು ‘ಖಾಲಿ ಇದೆ’ ಅನ್ನುತ್ತದೆ. ಅಮಾವಾಸ್ಯೆಯಲ್ಲ, ಗ್ರಹಣವಲ್ಲ. ಇವರು ಕ್ಯಾಲೆಂಡರ್ ಮತ್ತೆ ಮತ್ತೆ ತಿರುವಿದರು.

“ಬರದವರನ್ನs ಕೇಳ್ರೀ,” ಎಂದೆ.

ಬರೆದವರು ಆ ಹಾಲ್‌ನ ಕೆಲಸದಿಂದ ನಿವೃತ್ತರಾಗಿ ಮಾಟುಂಗದಲ್ಲಿದ್ದರು, ಉಡುಪಿ ಕಡೆಯ ಅಜ್ಜ. ಫೋನಿನಲ್ಲಿ ನಾನೇ ಕೇಳಿದೆ. ಅವರು ಬಿದ್ದು ಬಿದ್ದು ನಕ್ಕರು.

“ಅದು ನನ್ನ ಮದುವೆಯ ದಿನ ಮಾರಾಯ್ತಿ! ಹಾಲ್‌ನಲ್ಲಿ ಮದುವೆ ಇದ್ದರೆ ನನಗೆ ರಜೆ ಕೊಡ್ತಿರ್ಲಿಲ್ಲ. ಹಾಗಾಗಿ ಆ ದಿನ ಅಲ್ಲಿ ಯಾರಿಗೂ ಮದುವೆಯೇ ಆಗದ ಹಾಗೆ ಮಾಡಿದೆ.”

ಆ ದಿನವನ್ನೂ ಇವರು ಹೊಸ ಭಾಷೆಯಲ್ಲಿ ಬರೆದರು. ಎಲ್ಲ ತಾಳೆಯಾಯಿತು. ಮರುದಿನ ಸಂಜೆ ನೌಕರಿ ಕಾಯಂ ಆದ ಸುದ್ದಿ ಬಂತು.

ನನ್ನ ಕಣ್ಣ ಮುಂದೆ ಆ ಹಾಲ್ ತೇಲುತ್ತಿತ್ತು. ಸಾಲು ಸಾಲು ಖಾಲಿ ಕುರ್ಚಿ, ಮೆಲ್ಲಗೆ ತಿರುಗುವ ಫ್ಯಾನು. ಒಬ್ಬ ಹೆಂಡತಿಗಾಗಿ ಇಷ್ಟು ವರ್ಷ ಖಾಲಿ.

“ರೀ, ನಮ್ಮ ಮದುವಿ ದಿನಾನೂ ಸೇರಸ್ರೀ.”

“ಈಗs ಸೇರಸ್ತೀನಿ!” ಎಂದು ಹುರುಪಿನಿಂದ ಕೀಬೋರ್ಡ್ ಎಳೆದುಕೊಂಡರು. ಬೆರಳು ಗಾಳಿಯಲ್ಲೇ ನಿಂತವು.

“ತಾರೀಖು ಎಷ್ಟು?”